ಮುಂಗೈ ಮೇಲಿನ ಹೆಸರು

ಚಿಗವ್ವನ, ಅಂದರೆ ನನ್ನ ಚಿಕ್ಕಮ್ಮನ, ಎಡ ಮುಂಗೈ ಮೇಲೆ ಕಾಕಾನ ಹೆಸರಿನ ಹಚ್ಚೆಯಿತ್ತು. ವಯಸ್ಸಾದಂತೆ ಚರ್ಮ ಸುಕ್ಕುಗಟ್ಟಿ ಅಕ್ಷರಗಳು ಒಂದಕ್ಕೊಂದು ಒರಗಿಕೊಂಡಿದ್ದವು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದೆಂದು ನಂಬಿದವಳು. ರೇಶನ್ ಅಂಗಡಿಯಲ್ಲೋ ಬ್ಯಾಂಕಿನಲ್ಲೋ ಯಾರಾದರೂ ಕೇಳಿದರೆ, ಬಳೆಗಳನ್ನು ಮೇಲೆ ಸರಿಸಿ ಕೈ ಚಾಚಿ, "ಓದ್ಕೊರ್ರಿ" ಎನ್ನುತ್ತಿದ್ದಳು.

ಹಾವೇರಿಯ ಹೈಸ್ಕೂಲಿಗೆ ನಾನು ಹೋದದ್ದು ಅವಳ ಮನೆಯಿಂದಲೇ. ಕರ್ಜಗಿ ದಾರಿಯಲ್ಲಿ, ಹೊಲದ ನಡುವಿನ ಮನೆ. ಮಕ್ಕಳಿಲ್ಲದ ಆ ಮನೆಯಲ್ಲಿ ಮೊದಲ ಬಿಸಿ ರೊಟ್ಟಿ ನನ್ನದು. "ಒಂದ ಸಲ ಕಾಕಾನ ಹೆಸರು ಹೇಳ, ಚಿಗವ್ವಾ" ಎಂದು ಕಾಡುತ್ತಿದ್ದೆ.

"ಸುಮ್ನ ಉಣ್ಣವಾ, ಇಲ್ಲಾಂದ್ರ ರೊಟ್ಟಿ ಕಸ್ಗೊಂತೇನಿ" ಎಂದು ಮುಖ ತಿರುಗಿಸುತ್ತಿದ್ದಳು. ಕಟ್ಟೆಯ ಮೇಲೆ ಕುಳಿತ ಕಾಕಾ ನಗುತ್ತಿದ್ದ.

ಹೊಲದ ಮನೆಗಳಿಗೆ ಓಣಿಯಿಲ್ಲ, ನಂಬರಿಲ್ಲ. ಯಜಮಾನನ ಹೆಸರೇ ವಿಳಾಸ. ನಾನು ಮದುವೆಯಾಗಿ ರಾಣೆಬೆನ್ನೂರಿಗೆ ಬಂದ ಮೇಲೆ, ಒಂದು ಮಧ್ಯಾಹ್ನ ಕಾಕಾ ಎದೆ ಹಿಡಿದುಕೊಂಡು ಅಂಗಳದಲ್ಲಿ ಕುಸಿದ. ಚಿಗವ್ವ ಆಂಬುಲೆನ್ಸಿಗೆ ಫೋನು ಮಾಡಿದಳು. ಎಲ್ಲೋ ದೂರದಲ್ಲಿ ಕುಳಿತ ಹುಡುಗಿ ಯಾರ ಮನೆಯೆಂದು ಕೇಳಿದಳಂತೆ. "ನಮ್ಮ ಮನಿಯವರದ್ರಿ. ಹೊಲದಾಗ ಐತ್ರಿ, ಮುಂದ ಬೇವಿನ ಗಿಡ ಐತ್ರಿ" ಎಂದಳಂತೆ ಇವಳು. ಆ ಕಡೆ ಬೇವಿನ ಗಿಡವಿಲ್ಲದ ಹೊಲ ಯಾವುದಿದೆ? ಗಾಡಿ ಹೊಲದ ದಾರಿಗಳಲ್ಲಿ ಅಲೆಯಿತು. ಮತ್ತೆ ಹೆಸರು ಕೇಳಿದಾಗ, ಗಾಬರಿಯಲ್ಲಿ ಫೋನಿನ ಮುಂದೆಯೇ ಮುಂಗೈ ಚಾಚಿದಳಂತೆ. ಗಾಡಿ ಬರುವಷ್ಟರಲ್ಲಿ ಕಾಕಾ ಇರಲಿಲ್ಲ.

"ಜೀವಾ ಹೋಗೂ ಹೊತ್ನ್ಯಾಗೂ ನನಗ ಬಾಯಿ ಬರ್ಲಿಲ್ಲವಾ" ಎಂದು ನನ್ನ ಮುಂದೆ ಅತ್ತಳು.

ಆಮೇಲೆ ಅವಳೊಬ್ಬಳೇ. ಎಷ್ಟು ಕರೆದರೂ ನಮ್ಮಲ್ಲಿಗೆ ಬರಲಿಲ್ಲ. ಬಳೆಗಳಿಲ್ಲದ ಕೈಯಲ್ಲಿ ಹಚ್ಚೆ ಈಗ ಸದಾ ಕಾಣುತ್ತಿತ್ತು, ಓದುವವರಿರಲಿಲ್ಲ. ಸಂಜೆ ಫೋನು ಮಾಡಿದರೆ ಅವಳ ಮಾತಿಗಿಂತ ಹೊಲದ ಗಾಳಿಯೇ ಹೆಚ್ಚು ಕೇಳುತ್ತಿತ್ತು.

ಕರೆ ಮಾಡಿದವರ ಜಾಗವನ್ನು ಫೋನೇ ತಿಳಿಸಬೇಕೇ, ಅದಕ್ಕೆ ನಿಯಮ ಹೇಗಿರಬೇಕು ಎಂದು ಟೀವಿಯಲ್ಲಿ ದೊಡ್ಡವರು ವಾದ ಮಾಡುವಾಗ ನನಗೆ ಸಿಟ್ಟು ಬರುತ್ತದೆ. ನಾವೆಲ್ಲಿದ್ದೇವೆಂದು ಸರಕಾರ ಸದಾ ನೋಡುತ್ತಿರಬಾರದು, ಒಪ್ಪಿದೆ. ಜೀವ ಉಳಿಸಿ ಎಂದು ಕೂಗಿದಾಗಲಾದರೂ ತಿಳಿಯಬೇಡವೇ?

ಜಾಗ ತಿಳಿಸುವ ಫೋನೊಂದನ್ನು ಕೊಂಡೊಯ್ದೆ. "ಇನ್ನ ನೀ ಏನೂ ಹೇಳೂದು ಬ್ಯಾಡ ಚಿಗವ್ವಾ. ಫೋನ್ ಹಚ್ಚಿದ್ರ ಸಾಕು, ಅದ ಹೇಳತೈತಿ."

ಬಹಳ ಹೊತ್ತು ಅದನ್ನೇ ನೋಡಿದಳು. "ಇದು ಆಗ ಇರ್ಬೇಕಿತ್ತವಾ" ಎಂದಳು.

ಕಳೆದ ವರ್ಷ ಅವಳಿಗೇ ಉಸಿರು ಕಟ್ಟಿತು. ಆ ಫೋನಿನಿಂದಲೇ ಕರೆ ಮಾಡಿದಳು, ಗಾಡಿ ನೇರವಾಗಿ ಅಂಗಳಕ್ಕೇ ಬಂತು. ಆದರೆ ಹಾವೇರಿ ಮುಟ್ಟುವ ಮೊದಲೇ ಹೋಗಿಬಿಟ್ಟಳು. ನಾನು ಆಸ್ಪತ್ರೆಗೆ ಓಡಿ ಬಂದಾಗ ಗಾಡಿಯಲ್ಲಿದ್ದ ನರ್ಸ್ ಚಿಗವ್ವನ ಪಕ್ಕದಲ್ಲೇ ಕಾಯುತ್ತ ನಿಂತಿದ್ದಳು.

"ಜಾಗ ನಮಗ ಮೊದಲ ಗೊತ್ತಾಗಿತ್ರಿ, ಅಕ್ಕಾರ. ನಾವೇನೂ ಕೇಳಿದ್ದಿಲ್ಲ. ಆದ್ರೂ ಅಜ್ಜಿ ಹಾದಿ ತುಂಬ ಒಂದ ಹೆಸರು ಹೇಳಾಕತ್ತಿದ್ರು, ಅವರ ಮನಿರಿ, ಅವರ ಮನಿ ಅಂತ. ಯಾರ್ರಿ ಅವರು?"

ಹೇಳಲು ನನಗೆ ಬಾಯಿ ಬರಲಿಲ್ಲ. ಚಿಗವ್ವನ ಎಡಗೈ ಎತ್ತಿ ತೋರಿಸಿದೆ.