ದೀಪ ಊದದ ಕೂಸು

ನಿನ್ನೆ ನಮ್ಮೂರಿನ ಜಗತ್ ಸರ್ಕಲ್ ಹತ್ತಿರ ನನ್ನ ತಂಗಿಯ ಮನೆಯಲ್ಲಿ ಅವಳ ಮೊಮ್ಮಗನ ಬರ್ತ್‌ಡೇ. ಹುಡುಗ ಮೇಣದಬತ್ತಿ ಊದಿ ಆರಿಸಿದ, ಮಂದಿ ಚಪ್ಪಾಳೆ ತಟ್ಟಿದರು. ಆರಿದ ಬತ್ತಿಯ ಹೊಗೆ ಮೂಗಿಗೆ ಬಡಿದದ್ದೇ ತಡ, ಕೇಕಿನ ತಟ್ಟೆ ಪಕ್ಕಕ್ಕಿಟ್ಟು ಹೊರಗೆ ಬಂದೆ.

ಇದೇ ಊರಿನ ಒಂದು ದವಾಖಾನೆಯಲ್ಲಿ ನಾನು ಮಕ್ಕಳ ಉಸಿರು ಅಳೆಯುತ್ತಿದ್ದೆ. ಹಾಲು ಅಳೆಯುವವರನ್ನು, ಅರಿವೆ ಅಳೆಯುವವರನ್ನು ನೀವು ಕಂಡೀರಿ. ಉಸಿರು ಅಳೆಯುವವಳೆಂದರೆ ಬೀಗರೆಲ್ಲ ನಗುತ್ತಿದ್ದರು. ಕೊಳವೆಯೊಳಗೆ ಮಗು ಜೋರಾಗಿ ಊದಬೇಕು. ಅದೇ ವಯಸ್ಸಿನ, ಅದೇ ಎತ್ತರದ ಗಟ್ಟಿಮುಟ್ಟಾದ ಮಕ್ಕಳು ಎಷ್ಟು ಊದುತ್ತಾರೋ ಅದಕ್ಕೆ ಹೋಲಿಸಿ ಯಂತ್ರ ಲೆಕ್ಕ ಹೇಳುತ್ತಿತ್ತು. ಹುರುಪು ಬರಲೆಂದು ಪರದೆಯ ಮೇಲೆ ಉರಿಯುವ ಮೇಣದಬತ್ತಿಗಳ ಚಿತ್ರ. ಎಲ್ಲ ಆರಿದರೆ ಶಾಬಾಸ್.

ಒಂದು ದಿನ ಕಮಲಾಪುರದಿಂದ ಮಹಾದೇವಿ ಎಂಬ ಹತ್ತು ವರ್ಷದ ಹುಡುಗಿ ಬಂದಳು. ತಾಯಿಯಿಲ್ಲದ ಕೂಸು. ಕಣ್ಣು ಮಂಜಾದ ಅಜ್ಜಿಯನ್ನು ಆಯಿ, ಆಯಿ ಎನ್ನುತ್ತ ಕೈ ಹಿಡಿದು ಅವಳೇ ಕರೆತಂದಿದ್ದಳು, ಏದುಸಿರು ಬಿಡುತ್ತ. ಊದು ಅಂದರೆ ಬಿಸಿ ಚಹಾ ಆರಿಸುವ ಹಾಗೆ ಊದಿದಳು. ಅಂಕಿ ತೀರ ಕೆಳಗೆ. ಮತ್ತೆ ಊದಿಸಿದರೂ ಅಷ್ಟೇ.

ಅಜ್ಜಿ ಸುಮ್ಮನಿರುವವಳಲ್ಲ. "ಯಾರ ಕೂಸಿನ ಜೋಡಿ ನಮ್ಮ ಕೂಸಿನ ಅಳ್ಯಾಕತ್ತೀರಿ?" ಅಂದಳು. ನನಗೇನು ಗೊತ್ತು? ಆ ಲೆಕ್ಕದ ಮಕ್ಕಳು ಯಾವ ದೇಶದವರೋ, ಏನು ಉಂಡು ಬೆಳೆದವರೋ. ಜೋಳದ ರೊಟ್ಟಿ ಕಂಡವರಂತೂ ಇರಲಿಕ್ಕಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ; ಲೆಕ್ಕವೇ ಡೊಂಕಿರಬಹುದು ಅಂತ ನಾನೂ ಆಸೆ ಹಿಡಿದೆ.

ಅಷ್ಟರಲ್ಲಿ ಹುಡುಗಿ ನನ್ನ ಸೆರಗು ಜಗ್ಗಿ, ಅಜ್ಜಿಗೆ ಕೇಳದ ಹಾಗೆ ಹೇಳಿದಳು: "ದೀಪ ಊದಿ ಆರಸಿದ್ರ ಮನ್ಯಾಗ ಯಾರರ ಸಾಯ್ತಾರಂತ್ರಿ. ನನಗ ಆಯಿ ಒಬ್ಬಾಕೇ ಉಳದಾಳ."

ಅಯ್ಯ ನನ್ನವ್ವ, ಇಷ್ಟೇ ಏನು! ನನಗೆ ಹಿಗ್ಗೋ ಹಿಗ್ಗು. ಚಿತ್ರ ತೆಗೆದುಹಾಕಿ, ಇದು ದೀಪವಲ್ಲ, ಒಲೆ ಅಂತ ತಿಳಿದು ಊದು ಅಂದೆ. ಹುಡುಗಿ ನೆಟ್ಟಗೆ ಕೂತು, ಪಳಗಿದ ಹೆಂಗಸಿನ ಹಾಗೆ ಕೊಳವೆ ಕಚ್ಚಿ, ಕೊರಳ ನರ ಉಬ್ಬುವ ತನಕ ಊದಿದಳು. ಒಂದಿಷ್ಟೂ ಗಾಳಿ ಸೋರಲಿಲ್ಲ. ಅಂಕಿ ತುಸು ಏರಿ ನಿಂತುಬಿಟ್ಟಿತು. ಅರ್ಧಕ್ಕೂ ಮುಟ್ಟಲಿಲ್ಲ. ಯಾವ ಊರಿನ ಮಕ್ಕಳ ಜೋಡಿ ಅಳೆದರೂ ಅದು ಕಡಿಮೆಯೇ.

ಅಜ್ಜಿಗೆ ಮಾತ್ರ ಹೆಮ್ಮೆ. ತನಗೆ ಕಣ್ಣು ಕಾಣುವುದಿಲ್ಲ, ಸಣ್ಣಾಕೆ ಇದ್ದಾಗಿನಿಂದ ಒಲೆ ಊದುವುದೆಲ್ಲ ಅವಳೇ ಅಂದಳು. ಮನೆ ಅಂದರೆ ಒಂದೇ ಖೋಲಿ, ಕಿಟಕಿ ಇಲ್ಲ. ಡಾಕ್ಟರು ಬಂದು, ಹೊಗೆ ಕೂಸಿನ ಎದೆ ಸುಟ್ಟಿದೆ, ಇನ್ನು ಒಲೆಯ ಹತ್ತಿರ ಬಿಡಬೇಡಿ ಅಂದರು. ಅಜ್ಜಿ ತಡವರಿಸಿ ಹುಡುಕಿ ಕೂಸಿನ ಎದೆಯ ಮೇಲೆ ಕೈ ಇಟ್ಟಳು.

"ನೀವೇನು ಮಾಡೀರಿ ಆಯಿ, ಹೊಗಿ ಮಾಡೇದ" ಅಂದೆ.

"ಹೊಗಿ ಯಾರ ಮನೀದ್ರಿ?" ಅಂದಳು.

ಮತ್ತೆ ತೋರಿಸಲು ಅವರು ಬರಲೇ ಇಲ್ಲ. ಮಹಾದೇವಿ ಇದ್ದರೆ ಈಗ ಇಪ್ಪತ್ತು ದಾಟಿರಬೇಕು. ಇದ್ದರೆ ಅಂತ ಬರೆದು, ಹೊಡೆದುಹಾಕಿ, ಮತ್ತೆ ಅದನ್ನೇ ಬರೆದೆ. ಕಮಲಾಪುರ ಇಲ್ಲಿಂದ ಒಂದು ತಾಸಿನ ದಾರಿ. ಹೆದರಿ ಇಷ್ಟು ವರ್ಷ ಹೋಗಿಲ್ಲ. ಈ ಆದಿತ್ಯವಾರ ಹೋಗುವವಳಿದ್ದೇನೆ. ಬಾಗಿಲು ತೆರೆದವರನ್ನು ಮೊದಲು ಯಾರ ಬಗ್ಗೆ ಕೇಳಲಿ, ಅಜ್ಜಿಯ ಬಗ್ಗೆಯೋ ಕೂಸಿನ ಬಗ್ಗೆಯೋ, ಅದೊಂದು ತಿಳಿಯುತ್ತಿಲ್ಲ.