ಅಕ್ಕನೆದುರು ಆಡಬಾರದಿದ್ದ ಇಂಗ್ಲಿಷ್ ಮಾತು

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದ ನನಗೆ ‘ಲುಕ್ ಆಫ್ಟರ್’ ಎಂಬುದರ ಅರ್ಥ ತಿಳಿಯದೆಂದು ಒಬ್ಬ ಹುಡುಗಿ ನನ್ನ ಮನೆಯಲ್ಲೇ, ನನ್ನ ಕುರ್ಚಿಯಲ್ಲೇ ಕುಳಿತು ತೀರ್ಮಾನಿಸಿದಳು. ಅಂದು ಮಂಗಳವಾರ. ನಾನು ಕೊಟ್ಟ ಕಾಫಿಯನ್ನೂ ಅವಳು ಅರ್ಧ ಬಿಟ್ಟಿದ್ದಳು.

ಅಕ್ಕನಿಗೆ ಪಾರ್ಶ್ವವಾಯು ಹೊಡೆದು ಎಂಟು ತಿಂಗಳಾಗಿತ್ತು. ಬಲಗೈ, ಬಲಗಾಲು ಸ್ವಾಧೀನ ತಪ್ಪಿದ್ದವು. ಮೊಣಕಾಲು ದಿನೇ ದಿನೇ ಮಡಚಿಕೊಳ್ಳುತ್ತಿತ್ತು. ಇನ್ನೂ ತಡಮಾಡಿದರೆ ಅದು ಮತ್ತೆ ನೆಟ್ಟಗಾಗದು ಎಂದು ಚಿಂತಾಮಣಿಯ ವೈದ್ಯರು ಹೇಳಿದ್ದರು. ನಡೆಯುವುದನ್ನು ಮತ್ತೆ ಕಲಿಸುವ ಆಸ್ಪತ್ರೆಯೊಂದು ಬೆಂಗಳೂರಿನಲ್ಲಿತ್ತು. ಅಲ್ಲಿ ಹಾಸಿಗೆ ಸಿಗಬೇಕಾದರೆ, ಮರಳಿ ಬಂದ ಮೇಲೆ ವ್ಯಾಯಾಮ ಮಾಡಿಸಲು ಮನೆಯಲ್ಲಿ ಒಬ್ಬರಿರಬೇಕು. ಅದನ್ನು ಖಚಿತಪಡಿಸಿಕೊಳ್ಳಲು ಅಲ್ಲಿನ ವೈದ್ಯರು ವಿಡಿಯೊ ಕರೆಯಲ್ಲಿ ವಿಚಾರಿಸುತ್ತಾರೆ. ಅವರಿಗೆ ಕನ್ನಡ ಬಾರದು. ಕರೆ ಮಾಡಿಸಲೆಂದೇ ಆಸ್ಪತ್ರೆಯ ಚಿಕ್ಕಬಳ್ಳಾಪುರ ಶಾಖೆಯಿಂದ ಆ ಹುಡುಗಿ ಬಂದಿದ್ದಳು.

“ಹೂ ಲುಕ್ಸ್ ಆಫ್ಟರ್ ಹರ್?” ಎಂದರು ವೈದ್ಯರು. ಇವರನ್ನು ನೋಡಿಕೊಳ್ಳುವವರು ಯಾರು?

ಅಕ್ಕ ಪಕ್ಕದಲ್ಲೇ ಮಲಗಿದ್ದಳು. “ಶಿ ಲುಕ್ಸ್ ಆಫ್ಟರ್ ಮಿ” ಎಂದೆ. ಅವಳೇ ನನ್ನನ್ನು ನೋಡಿಕೊಳ್ಳುತ್ತಾಳೆ.

ವೈದ್ಯರು ನಕ್ಕರು. ಹುಡುಗಿ ನನ್ನ ಕಡೆ ತಿರುಗಿ, “ಪ್ರಶ್ನೆನೇ ಅರ್ಥ ಆಗ್ಲಿಲ್ವಾ ಅಜ್ಜಿ? ಇಂಗ್ಲಿಷ್ ಟೀಚರಾಗಿದ್ದೆ ಅಂದ್ರಲ್ಲ!” ಎಂದಳು.

ಅರ್ಥವಾಗಿತ್ತು. ಆದರೆ ನಮ್ಮ ಕೆಂಚಾರ್ಲಹಳ್ಳಿ ಮನೆಯಲ್ಲಿ, ಹಿರಿಯರನ್ನು ನಾನು ನೋಡಿಕೊಳ್ಳುತ್ತಿದ್ದೇನೆ ಎಂದು ಅವರ ಕಿವಿಗೆ ಬೀಳುವಂತೆ ಯಾರೂ ಹೇಳುವುದಿಲ್ಲ. ಹಾಗೆಂದರೆ ಅವರ ಯಜಮಾನಿಕೆಯನ್ನು ಅವರೆದುರೇ ಕಿತ್ತುಕೊಂಡಂತೆ. ಅಜ್ಜ ಹಾಸಿಗೆ ಹಿಡಿದಾಗಲೂ ನಮ್ಮ ತಂದೆ ‘ಅಪ್ಪನ ಹತ್ರ ಇದೀನಿ’ ಎಂದೇ ಹೇಳುತ್ತಿದ್ದರು. ಇಂಗ್ಲಿಷಿನ ಮರೆಯಲ್ಲಿ ಹೇಳಿಬಿಡಬಹುದಿತ್ತಲ್ಲ ಎನ್ನುವವರಿಗೆ ತಿಳಿಯದು: ಅಕ್ಕನಿಗೆ ಬರುವ ಇಂಗ್ಲಿಷ್ ಅಲ್ಪಸ್ವಲ್ಪ, ಆದರೆ ಆ ಮಾತು ಬರುತ್ತದೆ. ಅಮ್ಮ ತೀರಿಕೊಂಡ ಮೇಲೆ ತಾನು ಶಾಲೆ ಬಿಟ್ಟು, ರೇಷ್ಮೆಹುಳು ಸಾಕಿ ನನ್ನನ್ನು ಓದಿಸಿದವಳು ಅವಳು. ಹುಳುವಿನ ತಟ್ಟೆಗಳಿಗೆ ಅವಳು ಹಿಪ್ಪುನೇರಳೆ ಸೊಪ್ಪು ಹರಡುವಾಗ ನಾನು ಪಕ್ಕದಲ್ಲಿ ಕುಳಿತು ಉರುಹೊಡೆಯುತ್ತಿದ್ದೆ: ಲುಕ್ ಫಾರ್, ಹುಡುಕು, ಲುಕ್ ಆಫ್ಟರ್, ನೋಡಿಕೊ.

“ಹುಳ ನೋಡ್ಕೊಳ್ಳೋದಕ್ಕೂ ಅದೇನಾ?” ಎಂದು ಕೇಳಿದ್ದಳು.

“ಹೂಂ ಅಕ್ಕ. ಹುಳಕ್ಕೂ ಅದೇ, ಮಕ್ಳಿಗೂ ಅದೇ, ದೊಡ್ಡೋರಿಗೂ ಅದೇ.”

“ದೊಡ್ಡೋರಿಗೂನಾ? ಮರ್ಯಾದೆ ಇಲ್ದಿರೋ ಭಾಷೆ ಕಣೇ ನಿಂದು!” ಎಂದು ನಕ್ಕು, ಸೊಪ್ಪಿನ ಕಡ್ಡಿಯಿಂದ ನನ್ನ ತಲೆಗೆ ತಟ್ಟಿದ್ದಳು.

ಬುಧವಾರ ಮೊಬೈಲಿಗೆ ಸಂದೇಶ ಬಂತು: ಮನೆಯಲ್ಲಿ ನೋಡಿಕೊಳ್ಳುವವರಿಲ್ಲದ ಕಾರಣ ಹಾಸಿಗೆ ಕೊಡಲಾಗದು.

ಪಕ್ಕದ ಮನೆಯಾಕೆಯನ್ನು ಅಕ್ಕನ ಬಳಿ ಕೂರಿಸಿ ಮೂರು ಸಲ ಚಿಕ್ಕಬಳ್ಳಾಪುರಕ್ಕೆ ಬಸ್ಸು ಹತ್ತಿದೆ. ಎಪ್ಪತ್ತೊಂದರ ವಯಸ್ಸಿನಲ್ಲಿ ಆ ಹುಡುಗಿಯ ಮೇಜಿನೆದುರು ಕೈಮುಗಿದು ನಿಂತೆ. ಮೂರು ಸಲವೂ ಅವಳು ಕೂತ್ಕೊಳ್ಳಿ ಎನ್ನಲಿಲ್ಲ. ಕಾಗದದಲ್ಲಿ ಬರೆದುಕೊಡುತ್ತೇನೆ ಎಂದೆ, ಆಗದು ಎಂದಳು. ಹೊರಗಿನ ಕೋಣೆಯಿಂದ ಮಾತನಾಡಬಹುದೇ ಎಂದೆ. ರೋಗಿ ಕಾಣಿಸಲೇಬೇಕು ಎಂದಳು. ಜೊತೆಗಿದ್ದೇನೆ ಎಂದರೆ ಸಾಲದೇ ಎಂದೆ, ನೋಡಿಕೊಳ್ಳುತ್ತೇನೆ ಎಂದೇ ಹೇಳಬೇಕು ಎಂದಳು.

“ಇನ್ನೊಂದೇ ಸಲ ಕಾಲ್ ಕೊಡಿಸ್ತೀನಿ ಅಜ್ಜಿ. ಈ ಸಲ ಉಲ್ಟಾ ಹೇಳ್ಬೇಡಿ, ಆಯ್ತಾ?”

ಬಸ್ಸಿನಲ್ಲಿ ಕುಳಿತು ದಾರಿಯುದ್ದಕ್ಕೂ ಯೋಚಿಸಿದೆ. ಹೇಳದಿದ್ದರೆ ಅಕ್ಕನ ಕಾಲು ಹೋಗುತ್ತದೆ. ಹೇಳಿದರೆ ಅಕ್ಕನೇ ಹೋಗುತ್ತಾಳೆ. ಮೂರನೆಯ ದಾರಿ ನನಗೆ ಹೊಳೆಯಲಿಲ್ಲ.

ಹುಡುಗಿ ಮತ್ತೆ ಮನೆಗೆ ಬಂದು ಮಾಡಿಸಿದ ಎರಡನೆಯ ಕರೆಯಲ್ಲೂ ಅದೇ ಪ್ರಶ್ನೆ. ಅಕ್ಕ ನನ್ನನ್ನೇ ದಿಟ್ಟಿಸುತ್ತಿದ್ದಳು. ಹೊದಿಕೆಯೊಳಗೆ ಆ ಮೊಣಕಾಲು ಗುಡ್ಡೆಯಂತೆ ಎದ್ದು ನಿಂತಿತ್ತು.

“ಐ ಲುಕ್ ಆಫ್ಟರ್ ಹರ್” ಎಂದೆ.

ಬೇರೆ ಯಾರಾದರೂ ಇದ್ದಾರೆಯೇ ಎಂದರು. ಇಲ್ಲ, ನಾನೊಬ್ಬಳೇ ಎಂದೆ. ಒಂದು ತಪ್ಪೂ ಇಲ್ಲದ ಇಂಗ್ಲಿಷ್. ಸೋಮವಾರ ಕರೆತನ್ನಿ ಎಂದರು ವೈದ್ಯರು. ಹುಡುಗಿ ನನ್ನತ್ತ ಹೆಬ್ಬೆರಳೆತ್ತಿ ತೋರಿಸಿದಳು, ಪಾಠ ಒಪ್ಪಿಸಿದ ಮಗುವಿಗೆ ತೋರಿಸುವಂತೆ.

ಆ ಎಂಟು ತಿಂಗಳೂ, ಮಲಗಿದಲ್ಲಿಂದಲೇ, ಮಧ್ಯಾಹ್ನ ಒಂದು ಗಂಟೆಗೆ ಸರಿಯಾಗಿ ಅಕ್ಕ ತೊದಲುತ್ತ “ಏಳಮ್ಮ, ಊಟಕ್ಕೆ ಕೂತ್ಕೊ” ಎಂದು ನನಗೆ ಅಪ್ಪಣೆ ಕೊಡುತ್ತಿದ್ದಳು. ಆಮೇಲೆಯೇ ನಾನು ತಟ್ಟೆ ಹಾಕಿ, ಅವಳಿಗೆ ಮೊದಲು ತಿನ್ನಿಸಿ, ನಾನು ಉಣ್ಣುತ್ತಿದ್ದೆ. ಅಂದು ಒಂದೂವರೆಯಾಯಿತು. ಅಡುಗೆಮನೆಯ ಬಾಗಿಲಲ್ಲಿ ನಿಂತು ಕಾದೆ. ಎರಡು ಗಂಟೆಗೆ ಅವಳು ಗೋಡೆಯ ಕಡೆಗೇ ಮುಖ ಮಾಡಿಕೊಂಡು ಕೇಳಿದಳು:

“ಊಟ ಯಾವಾಗ ಕೊಡ್ತೀಯಮ್ಮ?”