ಬೇಗೂರಿನಲ್ಲಿ ನಾನು ಬರೆಯದೆ ಬಿಟ್ಟ ಹೆಸರು

ಕೋಟೆ ಎಂಬ ಊರಿಗೆ ಹೋಗುವ ನೇರ ಬಸ್ಸು ನನ್ನ ಕಣ್ಣೆದುರೇ ಹೊರಟುಹೋಯಿತು. ಮುಂದಿನದಕ್ಕೆ ಕಾಯುವ ತಾಳ್ಮೆಯಿಲ್ಲದೆ ಹುಣಸೂರಿನ ಬಸ್ಸು ಹತ್ತಿದೆ. ಮೈಸೂರಿನಿಂದ ಇಪ್ಪತ್ತೆಂಟು ಮೈಲಿ, ಹತ್ತಾಣೆ. ಪಕ್ಕದವರ ಹೊಗೆಸೊಪ್ಪಿನ ಹೊರೆ ದಾರಿಯುದ್ದಕ್ಕೂ ನನ್ನ ತೊಡೆಯ ಮೇಲೇ ಕೂತಿತ್ತು. ಚೀಲದಲ್ಲಿ ಕ್ವಿನೈನ್ ಮಾತ್ರೆಯ ಸೀಸೆ, ಒಂದು ರಿಜಿಸ್ಟರು, ಹಿಂದಿನ ದಿನ ಬಂದ ಒಂದು ಕಾಗದ ಇದ್ದವು.

ಕಾಗದ ಮದರಾಸು ಕಡೆಯ ವೈದ್ಯಕೀಯ ಕಾಲೇಜಿನದು. ಆ ಕಾಲೇಜಿಗೂ ಮೈಸೂರಿನ ನಮ್ಮ ವೈದ್ಯಕೀಯ ಶಾಲೆಗೂ ಆ ವರ್ಷ ಒಂದು ಒಪ್ಪಂದವಾಗಿತ್ತು. ಎರಡೂ ಕಡೆಯ ವಿದ್ಯಾರ್ಥಿಗಳು ಕೂಡಿ ಕಾಡಂಚಿನ ಹಳ್ಳಿಗಳಲ್ಲಿ ಚಳಿಜ್ವರದ ಶೋಧನೆ ಮಾಡಬೇಕು, ಕೂಡಿಯೇ ಕಲಿಯಬೇಕು. ಅವರ ಹತ್ತಿರ ಒಳ್ಳೆಯ ಸೂಕ್ಷ್ಮದರ್ಶಕಗಳಿದ್ದವು, ನಮ್ಮ ಹತ್ತಿರ ಭಾಷೆಯಿತ್ತು. ಅವರು ಮಕ್ಕಳ ಬೆರಳು ಚುಚ್ಚಿ, ಗಾಜಿನ ಪಟ್ಟಿಗೆ ರಕ್ತ ಸವರಿಕೊಂಡು ಹೋಗಿ ಪರೀಕ್ಷಿಸುವುದು. ಯಾವ ನಂಬರಿನ ರಕ್ತ ಯಾರದೆಂದು ನಾವು ಬರೆದಿಡುವುದು. ಬೇಗೂರಿನಲ್ಲಿ ಬರೆದವನು ನಾನು.

ಈಗ ಕಾಗದ ಹೇಳುತ್ತಿತ್ತು: ಬೇಗೂರಿನ ಮೂವತ್ತೇಳನೆಯ ಗಾಜಿನ ಪಟ್ಟಿಯಲ್ಲಿ ಕೆಟ್ಟ ಜಾತಿಯ ಮಲೇರಿಯಾ ತುಂಬಿದೆ, ಕೂಡಲೇ ಔಷಧ ಕೊಡದಿದ್ದರೆ ಮಗು ಉಳಿಯುವುದು ಕಷ್ಟ. ರಿಜಿಸ್ಟರು ಬಿಡಿಸಿ ನೋಡಿದೆ. ಮೂವತ್ತೇಳು: ಚಿಕ್ಕದೇವಿ, ಎಂಟು ವರ್ಷ. ತಂದೆಯ ಹೆಸರಿನ ಜಾಗ ಖಾಲಿ. ಏಕೆ ಖಾಲಿ ಎಂಬುದು ಆ ಕ್ಷಣವೇ ನೆನಪಾಯಿತು. ಬಸ್ಸಿನಲ್ಲಿ ಯಾರೂ ನೋಡುತ್ತಿರಲಿಲ್ಲ, ಆದರೂ ಪುಸ್ತಕ ಮುಚ್ಚಿಬಿಟ್ಟೆ.

ಹುಣಸೂರಿನಲ್ಲಿ ಆರಿದ ಉಪ್ಪಿಟ್ಟು ತಿಂದು ಕೋಟೆಯ ಬಸ್ಸು ಹಿಡಿದೆ. ಆ ರಾತ್ರಿ ಛತ್ರದಲ್ಲಿ ಕಳೆದು, ಬೆಳಿಗ್ಗೆ ಎತ್ತಿನ ಗಾಡಿಯಲ್ಲಿ ಬೇಗೂರಿನ ದಾರಿ ಹಿಡಿದಾಗ ವಯನಾಡಿನ ಕಡೆಯಿಂದ ಜಿಟಿಜಿಟಿ ಮಳೆ. ಮಧ್ಯಾಹ್ನ ತಿರುಗಿದ ಮೇಲೆ ಊರು ಸಿಕ್ಕಿತು. ಊರ ಯಜಮಾನ ಸಣ್ಣಪ್ಪನವರು ಜಗಲಿಯ ಮೇಲೆ ಹಗ್ಗ ಹೊಸೆಯುತ್ತಿದ್ದರು. ವಿಷಯ ಹೇಳಿದೆ.

"ಬೆಟ್ಟದ ಚಿಕ್ಕದೇವಮ್ಮನ ಒಕ್ಕಲು ನಾವು ಬುದ್ಧಿ. ಮನೆಗೊಬ್ಬಳು ಚಿಕ್ಕದೇವಿ ಅವ್ಳೆ. ಅಪ್ಪನ ಎಸರು ಏನಂತ ಬರ್ದಿದ್ದೀರಿ?"

"ಬರೆದಿಲ್ಲ."

"ಅದ್ಯಾಕೆ?"

"ಮರೆತೆ" ಎಂದೆ.

ಅವರು ಹಗ್ಗ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದರು. "ಓ! ನೀವೆಲ್ಲಾ ನಕ್ಕಿದ್ರಲ್ಲ, ಆ ಪುಟ್ಟಮ್ಮನ ಮಗಳಾ?"

ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಆವತ್ತು ರಕ್ತ ತೆಗೆಯುವಾಗ ಪುಟ್ಟಮ್ಮ ಮಗಳನ್ನು ಮುಂದೆ ನಿಲ್ಲಿಸಿಕೊಂಡಿದ್ದಳು. ಗಂಡನ ಹೆಸರು ಕೇಳಿದೆ. ತಲೆ ತಗ್ಗಿಸಿದಳು. ಮತ್ತೆ ಕೇಳಿದೆ, ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಮದರಾಸಿನವರು ಕಾಯುತ್ತಿದ್ದರು. ಅವರೆದುರು ಚುರುಕಿನವನೆನಿಸಿಕೊಳ್ಳುವ ಚಪಲ ನನಗೆ. "ಈ ಹೆಂಗಸಿಗೆ ತನ್ನ ಗಂಡ ಯಾರೆಂದೇ ಗೊತ್ತಿಲ್ಲ" ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಾನು ನಕ್ಕೆ. ಪುಟ್ಟಮ್ಮನಿಗೆ ಇಂಗ್ಲಿಷ್ ಬಾರದು, ಆದರೆ ನಗು ಯಾವ ಭಾಷೆಯಲ್ಲಿದ್ದರೂ ಗೊತ್ತಾಗುತ್ತದೆ.

ಸಣ್ಣಪ್ಪನವರೇ ಆ ಮನೆಗೆ ಕರೆದೊಯ್ದರು. ಮಗು ಚಾಪೆಯ ಮೇಲೆ ನಡುಗುತ್ತಿತ್ತು, ಮೈ ಕಾದ ಹೆಂಚು. ಹೊಟ್ಟೆ ಮುಟ್ಟಿದರೆ ಎಡಪಕ್ಕೆಯ ಗುಲ್ಮ ಊದಿ ಹೊಕ್ಕುಳಿನವರೆಗೂ ಬೆಳೆದಿತ್ತು. ಪುಟ್ಟಮ್ಮ ಗೋಡೆಗೊರಗಿ ನಿಂತಿದ್ದಳು.

"ಆವತ್ತು ತಪ್ಪಾಯಿತು ತಾಯಿ, ನಾನು..."

"ಔಸ್ತಿ ಕೊಡಿ ಸ್ವಾಮಿ" ಎಂದಳು. "ಮಾತು ಆಮೇಲೆ."

ಮಾತ್ರೆ ಪುಡಿಮಾಡಿ ಬೆಲ್ಲದಲ್ಲಿ ಕಲಸಿ ನೆಕ್ಕಿಸಿದೆ. ಮೊದಲ ಸಲ ವಾಂತಿಯಾಯಿತು, ಮತ್ತೆ ಕೊಟ್ಟೆ. ಮೂರು ದಿನ ಸಣ್ಣಪ್ಪನವರ ಜಗಲಿಯಲ್ಲೇ ಉಳಿದೆ. ಅವರ ಮನೆಯ ಮುದ್ದೆ, ಹುರುಳಿ ಸಾರು ಉಂಡು, ಹೊತ್ತುಹೊತ್ತಿಗೆ ಹೋಗಿ ಮಾತ್ರೆ ಕೊಟ್ಟು ಬರುತ್ತಿದ್ದೆ. ಆ ಮಗು ಹೋಗಿದ್ದರೆ ಕೊಂದದ್ದು ಸೊಳ್ಳೆಯಲ್ಲ, ನಾನು. ಎರಡನೆಯ ದಿನ ಜ್ವರ ಇನ್ನೂ ಏರಿತು. ಮೂರನೆಯ ದಿನ ಬೆಳಿಗ್ಗೆ ಮೈಯೆಲ್ಲ ಬೆವರಿ, ಹುಡುಗಿ ಕಣ್ಣು ಬಿಟ್ಟು, "ಅವ್ವಾ, ಅಂಬಲಿ" ಎಂದಳು. ನಾನು ಹೊರಗೆ ಹೋಗಿ ಬೇಲಿ ಹಿಡಿದು ಅತ್ತುಬಿಟ್ಟೆ.

ಉಳಿದ ಮಾತ್ರೆಗಳನ್ನು ಪುಟ್ಟಮ್ಮನ ಕೈಗೆ ಕೊಟ್ಟು, ಹೊತ್ತುಹೊತ್ತಿಗೆ ಎಷ್ಟೆಂದು ತಿಳಿಸಿ, ರಿಜಿಸ್ಟರಿನಲ್ಲಿ ಆ ಖಾಲಿ ಜಾಗ ತೆರೆದೆ. ಅವಳೇ ಪಕ್ಕದ ಮನೆಯವಳನ್ನು ಕೂಗಿದಳು.

"ಯಕ್ಕಾ, ಇವಳಪ್ಪನ ಎಸರು ಏಳು. ಬರ್ಕೋತಾರಂತೆ."

"ಕಾಳಯ್ಯ ಕಣ್ರೀ" ಎಂದು ಅಲ್ಲಿಂದಲೇ ಉತ್ತರ ಬಂತು. "ಆವತ್ತೇ ನಮ್ಮನ್ನ ಕೇಳಿದ್ರೆ ಏಳ್ತಿರ್ನಿಲ್ವಾ?"

ಬರೆದುಕೊಂಡೆ.

ಹಿಂದಿರುಗುವಾಗ ಕೋಟೆಯಲ್ಲಿ ಬಸ್ಸಿಗೆ ಕಾಯುತ್ತಾ ಮದರಾಸಿನ ತಂಡದ ಮುಖ್ಯಸ್ಥನಿಗೆ ಕಾಗದ ಬರೆದೆ. ಎರಡು ಸಲ ಹರಿದುಹಾಕಿ ಮೂರನೆಯದನ್ನು ಅಲ್ಲೇ ಅಂಚೆಗೆ ಹಾಕಿದೆ, ಮೈಸೂರಿಗೆ ಒಯ್ದಿದ್ದರೆ ಅದನ್ನೂ ಹರಿಯುತ್ತಿದ್ದೆ. ಮಗು ಉಳಿದಿದೆ, ತಂದೆಯ ಹೆಸರು ಕಾಳಯ್ಯ, ನಿಮ್ಮ ದಾಖಲೆಯಲ್ಲೂ ತಿದ್ದಿಕೊಳ್ಳಿ ಎಂದು ಬರೆದ ಮೇಲೆ ಹೀಗೆ ಸೇರಿಸಿದ್ದೆ: "ಆ ಹೆಂಗಸಿಗೆ ಗಂಡನ ಹೆಸರು ಗೊತ್ತಿಲ್ಲವೆಂದು ನಾನು ಹೇಳಿದ್ದು ಸುಳ್ಳು. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ನಿಮಗೆ ಅದು ತಿಳಿದಿರಲಿಲ್ಲ, ನನಗೆ ತಿಳಿದಿತ್ತು. ನಮ್ಮಪ್ಪನ ಹೆಸರು ನಮ್ಮಮ್ಮನ ಬಾಯಲ್ಲಿ ನಾನು ಇವತ್ತಿನವರೆಗೂ ಕೇಳಿಲ್ಲ."